ರಾಜಕಾಲುವೆ ಪಕ್ಕದ ಸೈಟು: ಕೊಳ್ಳುವ ಮುಂಚೆ, ಪಾಯ ತೋಡುವ ಮುಂಚೆ ಏನೇನು ನೋಡಬೇಕು?

ಬೆಂಗಳೂರಿನಲ್ಲಿ ಸೈಟು ನೋಡಲು ಹೋದವರು ಮೊದಲು ಕೇಳುವುದು "ಎ ಖಾತಾ ಇದೆಯಾ?" ಅಂತ. ಆಮೇಲೆ "ಪ್ಲಾನ್ ಸ್ಯಾಂಕ್ಷನ್ ಆಗುತ್ತಾ? ಬ್ಯಾಂಕ್ ಲೋನ್ ಸಿಗುತ್ತಾ?" ಮಳೆ ಬಂದರೆ ಇಲ್ಲಿ ನೀರು ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತೆ ಅನ್ನುವ ಪ್ರಶ್ನೆ ಏಳುವುದು ಗೃಹಪ್ರವೇಶ ಆದಮೇಲೆ. ನನ್ನ ಮಟ್ಟಿಗೆ ಅದೇ ಮೊದಲನೇ ಪ್ರಶ್ನೆ ಆಗಬೇಕು. ಮೊದಲು ನೀರು ನೋಡಿ, ಆಮೇಲೆ ಕಂದಾಯ ದಾಖಲೆ, ಕೊನೆಗೆ ನಕ್ಷೆ ಮಂಜೂರಾತಿ.

ಹೀಗೆ ಹೇಳಲು ಕಾರಣ ಇದೆ. 2016ರ ಆಗಸ್ಟ್‌ನಲ್ಲಿ ಬೆಂಗಳೂರಿನ ಅವನಿ ಶೃಂಗೇರಿನಗರದಲ್ಲಿ ರಾಜಕಾಲುವೆ (ಮಳೆನೀರು ಹರಿದುಹೋಗುವ ದೊಡ್ಡ ಕಾಲುವೆ) ಒತ್ತುವರಿ ಎಂದು ಮನೆಗಳನ್ನು ಕೆಡವಿದಾಗ, ಮನೆ ಕಳೆದುಕೊಂಡ ಹಲವರ ಕೈಯಲ್ಲಿ ಖಾತಾ ಇತ್ತು, ತೆರಿಗೆ ರಸೀದಿ ಇತ್ತು, ಮಂಜೂರಾದ ನಕ್ಷೆಯೂ ಇತ್ತು. ಇವೆಲ್ಲಕ್ಕಿಂತ ಹಳೆಯದಾದ ಗ್ರಾಮ ನಕ್ಷೆ ಅವತ್ತು ಅಡ್ಡ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಮತ್ತು ಹೊರವರ್ತುಲ ರಸ್ತೆ ಕಡೆ, 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕೇಂದ್ರೀಯ ವಿಹಾರದಲ್ಲಿ, 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್‌ನಲ್ಲಿ ಜನ ಟ್ರ್ಯಾಕ್ಟರು, ದೋಣಿ ಹತ್ತಿ ಮನೆಯಿಂದ ಹೊರಬರಬೇಕಾಯಿತು. ಅಲ್ಲಿದ್ದವರೂ ದುಡ್ಡು ಕೊಟ್ಟು, ಪತ್ರ ನೋಡಿ ಕೊಂಡವರೇ ಅಲ್ವಾ?

ನಿಯಮ ಒಂದೇ ಕಡೆ ಸಿಗುವುದಿಲ್ಲ

ನೀರು ನುಗ್ಗುವ ಜಾಗದಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂದು ಹೇಳುವ ಪ್ರತ್ಯೇಕ ಕಾಯ್ದೆ ಕರ್ನಾಟಕದಲ್ಲಿ ಇಲ್ಲ. ಕೇಂದ್ರ ಜಲ ಆಯೋಗ 1975ರಲ್ಲೇ ಇಂಥದ್ದೊಂದು ಮಾದರಿ ಮಸೂದೆ ಬರೆದು ಎಲ್ಲ ರಾಜ್ಯಗಳಿಗೂ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಮಾತ್ರ ಅದನ್ನು ಕಾಯ್ದೆ ಮಾಡಿಕೊಂಡವು.

ನಮ್ಮಲ್ಲಿ ಆ ಕೆಲಸ ಬೇರೆ ಬೇರೆ ಕಡೆ ಹಂಚಿಹೋಗಿದೆ. ಹಳ್ಳ, ಕೆರೆ ಯಾರದು ಅನ್ನುವುದು 1964ರ ಭೂಕಂದಾಯ ಕಾಯ್ದೆಯಲ್ಲಿದೆ. ಎಷ್ಟು ದೂರ ಬಿಡಬೇಕು ಅನ್ನುವುದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಮಾಸ್ಟರ್ ಪ್ಲಾನ್‌ನಲ್ಲಿ ಮತ್ತು 2014ರ ಕೆರೆ ಪ್ರಾಧಿಕಾರ ಕಾಯ್ದೆಯಲ್ಲಿದೆ. ಹೇಗೆ ಕಟ್ಟಬೇಕು ಅನ್ನುವುದು ಪಾಲಿಕೆಯ ಕಟ್ಟಡ ಬೈಲಾದಲ್ಲಿದೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಹಾಗಾಗಿ ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಒಂದು ಕಚೇರಿ ಒಪ್ಪಿತು ಅಂದ ಮಾತ್ರಕ್ಕೆ ಇನ್ನೊಂದೂ ಒಪ್ಪಿದಂತಲ್ಲ. ಪಾಲಿಕೆ ಎಂಜಿನಿಯರು ಸಹಿ ಹಾಕಿದ ಜಾಗಕ್ಕೆ ತಹಶೀಲ್ದಾರರು ನೋಟಿಸ್ ಕೊಡಬಹುದು.

ಮೊದಲು ಜಾಗದಲ್ಲಿ ನಿಂತು ನೋಡಿ

ಬೆಂಗಳೂರು ಎತ್ತರದ ದಿಣ್ಣೆ ಮೇಲಿರುವ ಊರು. ಇಲ್ಲಿ ಬಿದ್ದ ಮಳೆ ಮೂರು ಕಣಿವೆ ಹಿಡಿದು ಇಳಿಯುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರುತ್ತದೆ. ದಾರಿಯುದ್ದಕ್ಕೂ ಕೆರೆಗಳ ಸರಪಳಿ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಬರುತ್ತದೆ. ಆ ದಾರಿಯೇ ರಾಜಕಾಲುವೆ.

ಸೈಟಿಗೆ ಹೋದಾಗ ಹತ್ತಿರದ ಕೆರೆ ಎಲ್ಲಿದೆ ಅಂತ ಕೇಳಿ. ಅದರ ಏರಿ ಯಾವ ಕಡೆ, ಕೋಡಿ ಯಾವ ಕಡೆ ಅಂತ ನೋಡಿ. ನೀವು ನಿಂತಿರುವುದು ಏರಿಯ ಕೆಳಗಡೆ, ಹಳೆ ಗದ್ದೆ ಬಯಲಿನಲ್ಲಾದರೆ ಎಚ್ಚರ ಜಾಸ್ತಿ ಬೇಕು. ಕೆರೆ ಹತ್ತು ವರ್ಷದಿಂದ ತುಂಬಿಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ತುಂಬಿದ ವರ್ಷ ಕೋಡಿ ನೀರು ಹಳೆ ದಾರಿಯನ್ನೇ ಹುಡುಕುತ್ತದೆ.

ಬ್ರೋಕರ್ ಜೊತೆ ಬಿಸಿಲಲ್ಲಿ ಒಂದು ಸಲ ನೋಡಿದರೆ ಸಾಲದು. ಜೋರು ಮಳೆ ನಿಂತ ತಕ್ಷಣ ಇನ್ನೊಮ್ಮೆ ಹೋಗಿ. ಪಕ್ಕದ ಮನೆಗಳ ಗೋಡೆ ಮೇಲೆ ನೀರು ನಿಂತ ಗೆರೆ ಇದೆಯಾ? ಗೇಟಿನ ಮುಂದೆ ಒಂದಡಿ ಕಟ್ಟೆ ಕಟ್ಟಿಕೊಂಡಿದ್ದಾರಾ? ಬಾಗಿಲಿಗೆ ಮರಳು ಮೂಟೆ ಇಟ್ಟಿದ್ದಾರಾ? ರಸ್ತೆಯನ್ನು ಮತ್ತೆ ಮತ್ತೆ ಎತ್ತರಿಸಿ ಹಳೆ ಮನೆಗಳು ತಗ್ಗಿಗೆ ಬಿದ್ದಿವೆಯಾ? ಮೂಲೆ ಅಂಗಡಿಯವರನ್ನು, ಹಾಲು ಹಾಕುವವರನ್ನು, ಆ ಹಳ್ಳಿಯ ಹಿರಿಯರನ್ನು ಕೇಳಿ. "ಇಲ್ಲಿ ಮೊದಲು ಏನು ಬೆಳೀತಿದ್ರಿ ತಾತ?" ಅಂದರೆ ಸಾಕು. "ಭತ್ತ" ಅಂದರೆ ಅಲ್ಲಿಗೆ ನೀರು ಹರಿದು ಬರುತ್ತಿತ್ತು ಅಂತಲೇ ಲೆಕ್ಕ.

ಗ್ರಾಮ ನಕ್ಷೆ, ದಿಶಾಂಕ್, ಪಹಣಿ

ಈಗ ಕಾಗದಕ್ಕೆ ಬರೋಣ. ಸೈಟ್ ನಂಬರ್ ಸಾಲದು. ಲೇಔಟ್ ಆಗುವ ಮುಂಚಿನ ಸರ್ವೆ ನಂಬರ್ ಬೇಕು. ಅದು ಮೂಲಪತ್ರದಲ್ಲಿ, ಭೂಪರಿವರ್ತನೆ ಆದೇಶದಲ್ಲಿ ಇರುತ್ತದೆ. ಸರ್ವೆ ನಂಬರ್ ಹೇಳಲು ಮಾರುವವರು ಹಿಂದೆಮುಂದೆ ನೋಡಿದರೆ ಆ ವ್ಯವಹಾರ ಬಿಟ್ಟುಬಿಡುವುದು ಒಳ್ಳೆಯದು.

ಕಂದಾಯ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿಮ್ಮ ಸರ್ವೆ ನಂಬರ್ ಹುಡುಕಿ, ಪಕ್ಕದಲ್ಲಿ ಅಥವಾ ಮಧ್ಯದಲ್ಲಿ ಹಳ್ಳದ ಗೆರೆ ಹಾದುಹೋಗಿದೆಯಾ ನೋಡಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನಲ್ಲೇ ನಿಂತು ನೋಡಿದರೆ, ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ, ಹತ್ತಿರದಲ್ಲಿ ಕೆರೆ, ಹಳ್ಳ ಇದೆಯಾ ಅನ್ನುವುದು ಕಾಣುತ್ತದೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ. ಹಾಗಾಗಿ ದಿಶಾಂಕ್ ಅನುಮಾನ ಹುಟ್ಟಿಸಲು ಸಾಕು, ಅನುಮಾನ ಪರಿಹರಿಸಲು ಸಾಲದು. ಅಲ್ಲಿ ಈಗ ಕಾಲುವೆ ಕಣ್ಣಿಗೆ ಕಾಣದಿದ್ದರೂ ಸಮಾಧಾನ ಪಡಬೇಡಿ. ಚಪ್ಪಡಿ ಮುಚ್ಚಿರಬಹುದು, ಮಣ್ಣು ತುಂಬಿ ರಸ್ತೆ ಮಾಡಿರಬಹುದು. ದಾಖಲೆಯಲ್ಲಿ ಇದ್ದರೆ ಅದು ಇದ್ದಂತೆಯೇ.

ಪಹಣಿಯಲ್ಲಿ ವಿಸ್ತೀರ್ಣದ ಕಾಲಂ ನೋಡಿ. ಅಲ್ಲಿ ಖರಾಬು ಎಂದು ಬೇರೆ ತೋರಿಸಿರುತ್ತಾರೆ. ಎ ಖರಾಬು ಜಮೀನಿನವರದೇ, ಬೇಸಾಯಕ್ಕೆ ಬಾರದ ಬಂಡೆಯಂಥ ಜಾಗ. ಬಿ ಖರಾಬು ಸಾರ್ವಜನಿಕರದು: ದಾರಿ, ಹಳ್ಳ, ಕಾಲುವೆ. ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳ, ನಾಲೆ, ಕೆರೆಗಳು ಸರ್ಕಾರದ ಸ್ವತ್ತು. ಅದನ್ನು ಯಾರೂ ಮಾರಲು ಬರುವುದಿಲ್ಲ. ಒಂದು ಉದಾಹರಣೆ ನೋಡಿ. 2 ಎಕರೆ ಜಮೀನಿನಲ್ಲಿ 6 ಗುಂಟೆ ಬಿ ಖರಾಬು ಇದೆ ಅಂದುಕೊಳ್ಳಿ. ಒಂದು ಗುಂಟೆಗೆ 1,089 ಚದರಡಿ. ಆರು ಗುಂಟೆಗೆ 6,534 ಚದರಡಿ. ಅಂದರೆ 30×40ರ ಐದು ಸೈಟು. ಲೇಔಟ್ ಮಾಡಿದವರು ಪೂರ್ತಿ 80 ಗುಂಟೆಯನ್ನೂ ಸೈಟು ಮಾಡಿ ಮಾರಿದ್ದರೆ, ಹಳ್ಳದ ಮೇಲಿನ ಐದು ಕುಟುಂಬಗಳ ಕೈಯಲ್ಲಿರುವುದು ಬರೀ ಕಾಗದ.

ಕ್ರಯಪತ್ರದ ಚೆಕ್ಕುಬಂದಿ ಓದುವ ರೀತಿ

ಇದನ್ನು ವಕೀಲರಿಗೇ ಬಿಡಬೇಡಿ, ನೀವೂ ಕೂತು ಓದಿ. ಅತಿ ಹಳೆಯ ಪತ್ರದಿಂದ ಇವತ್ತಿನ ಪತ್ರದವರೆಗೆ ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡು ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ಮಾತ್ರ ಓದುತ್ತಾ ಹೋಗಿ. ಹಳೆಯದರಲ್ಲಿ "ಪೂರ್ವಕ್ಕೆ ಸರ್ಕಾರಿ ಹಳ್ಳ" ಎಂದಿರುತ್ತದೆ. ಮಧ್ಯದ ಪತ್ರದಲ್ಲಿ ಅದು "ಕಾಲುವೆ" ಆಗಿರುತ್ತದೆ, ಆಮೇಲೆ "ಓಣಿ", ಕೊನೆಗೆ "ರಸ್ತೆ" ಅಥವಾ "ಖಾಸಗಿ ಸ್ವತ್ತು". ಪತ್ರದಲ್ಲಿ ಹಳ್ಳದ ಹೆಸರು ಹೋದರೂ ನೆಲದ ತಗ್ಗು ಹಾಗೇ ಇರುತ್ತದೆ. ಹೀಗೆ ಬದಲಾದ ಜಾಗ ಸಿಕ್ಕಿದರೆ ಅಲ್ಲಿಗೆ ಗುರುತು ಹಾಕಿ, ಮುಂದಿನ ಎಲ್ಲ ವಿಚಾರಣೆ ಅದರ ಸುತ್ತಲೇ ನಡೆಸಿ.

ಋಣಭಾರ ಪತ್ರ, ಖಾತಾ, ತೆರಿಗೆ ರಸೀದಿ ಎಲ್ಲ ಬೇಕೇ ಬೇಕು. ಆದರೆ ಖಾತಾ ಅಂದರೆ ತೆರಿಗೆ ಯಾರಿಂದ ವಸೂಲು ಮಾಡಬೇಕು ಅನ್ನುವ ಲೆಕ್ಕ. ಇ-ಖಾತಾ ಬಂದಮೇಲೂ ಅದು ಹಾಗೇ ಇದೆ. ಮಾಲೀಕತ್ವವನ್ನಾಗಲಿ, ಕಟ್ಟುವ ಹಕ್ಕನ್ನಾಗಲಿ ಅದು ಕೊಡುವುದಿಲ್ಲ.

ಬಫರ್: ನಿಮ್ಮದೇ ಜಾಗ, ಆದರೆ ಕಟ್ಟುವಂತಿಲ್ಲ

ಜನರಿಗೆ ಜಾಸ್ತಿ ಗೊಂದಲ ಇರುವುದು ಇಲ್ಲೇ. ಹಳ್ಳದ ಪಾತ್ರ ಸರ್ಕಾರದ್ದು, ಅದರಲ್ಲಿ ಕಟ್ಟಿದರೆ ಒತ್ತುವರಿ. ಹಳ್ಳದ ಪಕ್ಕದ ಬಫರ್, ಅಂದರೆ ಕಟ್ಟದೆ ಖಾಲಿ ಬಿಡಬೇಕಾದ ಪಟ್ಟಿ, ಹಾಗಲ್ಲ. ಅದು ನಿಮ್ಮದೇ ಸ್ವತ್ತು ಇರಬಹುದು, ತೆರಿಗೆ ನೀವೇ ಕಟ್ಟುತ್ತಿರಬಹುದು. ಆದರೂ ಅಲ್ಲಿ ಮನೆ ಕಟ್ಟಲು ಅನುಮತಿ ಸಿಗುವುದಿಲ್ಲ.

ಬಿಡಿಎಯ ಪರಿಷ್ಕೃತ ಮಾಸ್ಟರ್ ಪ್ಲಾನ್–2015ರ ಅಳತೆ ಹೀಗಿದೆ. ದೊಡ್ಡ ಕಾಲುವೆ ಪ್ರಾಥಮಿಕ, ಅದಕ್ಕೆ ಸೇರುವ ಕವಲು ದ್ವಿತೀಯ, ಇನ್ನೂ ಚಿಕ್ಕ ಕವಲು ತೃತೀಯ. ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಹಂತದ್ದಕ್ಕೆ 25 ಮೀಟರ್, ತೃತೀಯ ಹಂತದ್ದಕ್ಕೆ 15 ಮೀಟರ್. ಎರಡೂ ಕಡೆ, ಕಾಲುವೆಯ ಮಧ್ಯದಿಂದ ಅಳೆಯಬೇಕು. ಕೆರೆಗೆ ಕಂದಾಯ ದಾಖಲೆಯ ಗಡಿಯಿಂದ 30 ಮೀಟರ್. ರಸ್ತೆ, ಸೇತುವೆ, ಕೊಳಚೆ ನೀರು ಶುದ್ಧೀಕರಣ ಘಟಕ ಇಂಥವನ್ನು ನೀರಿಗೆ ಅಡ್ಡಿಯಾಗದಂತೆ ಕಾಲುವೆ ಬಫರಿನಲ್ಲಿ ಮಾಡಬಹುದು. ವಾಸದ ಮನೆ ಕೂಡದು.

2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ಅಳತೆಗಳನ್ನು ಹೆಚ್ಚಿಸಿತ್ತು. ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25 ಮೀಟರ್, ಅದೂ ಕಾಲುವೆಯ ಅಂಚಿನಿಂದ. ಸುಪ್ರೀಂ ಕೋರ್ಟ್ 2019ರ ಮಾರ್ಚ್ 5ರಂದು ಅದನ್ನು ರದ್ದು ಮಾಡಿತು. ಮತ್ತೆ ಮಾಸ್ಟರ್ ಪ್ಲಾನ್ ಅಳತೆಯೇ ಬಂತು. ಈ ಮೂರು ವರ್ಷದಲ್ಲಿ ಅರ್ಜಿ ಹಾಕಿದವರ ಪಾಡು ಬೇರೆ, ಹಿಂದೆ ಮುಂದೆ ಹಾಕಿದವರ ಪಾಡು ಬೇರೆ. ಕೆರೆ ಬಫರನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಕಡಿಮೆ ಮಾಡುವ ತಿದ್ದುಪಡಿ ವಿಧೇಯಕಕ್ಕೆ 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟಿತು. ಪರಿಸರದ ಬಗ್ಗೆ ಕಾಳಜಿ ಇರುವ ಹಲವರು ಅದನ್ನು ವಿರೋಧಿಸಿದರು. ನಾನೂ ವಿರೋಧಿಸುತ್ತೇನೆ. ನೀವು ಮಾಡಬೇಕಾದ್ದು ಇಷ್ಟು: ಅರ್ಜಿ ಹಾಕುವ ದಿನ ಯಾವ ಅಳತೆ ಜಾರಿಯಲ್ಲಿದೆ ಎಂದು ನಗರ ಯೋಜನಾ ವಿಭಾಗದಿಂದ ಲಿಖಿತವಾಗಿ ಪಡೆಯಿರಿ. ಬಾಯಿಮಾತು ಬೇಡ.

ಅಳತೆಯನ್ನು ನಿಮ್ಮ ಸೈಟಿನ ಮೇಲೆ ಹಾಕಿ ನೋಡಿ. ನಿಮ್ಮದು 30×40ರ ಸೈಟು. ಹಿಂಬದಿಗೆ 3 ಮೀಟರ್ ಅಗಲದ ತೃತೀಯ ಕಾಲುವೆ ತಾಗಿದೆ. ಮಧ್ಯದಿಂದ 15 ಮೀಟರ್ ಅಂದರೆ, ಅದರಲ್ಲಿ ಒಂದೂವರೆ ಮೀಟರ್ ಕಾಲುವೆಯಲ್ಲೇ ಹೋಯಿತು. ಉಳಿದ 13.5 ಮೀಟರ್ ನಿಮ್ಮ ಕಡೆ ಬಿಡಬೇಕು. ಅಂದರೆ ಸುಮಾರು 44 ಅಡಿ. ನಿಮ್ಮ ಸೈಟಿನ ಉದ್ದವೇ 40 ಅಡಿ. ಪೂರ್ತಿ ಸೈಟು ಬಫರಿನಲ್ಲೇ ಮುಳುಗಿತು! "ಚಿಕ್ಕ ಮೋರಿ ಸಾರ್, ಏನೂ ಆಗಲ್ಲ" ಎಂದು ಮಾರುವವರು ಹೇಳುವುದು ಇಂಥ ಕಾಲುವೆಗೇ. ಅದು ಬರೀ ರಸ್ತೆ ಬದಿ ಚರಂಡಿಯೋ, ತೃತೀಯ ರಾಜಕಾಲುವೆಯೋ ಅನ್ನುವುದನ್ನು ಪಾಲಿಕೆಯ ಬೃಹತ್ ನೀರುಗಾಲುವೆ ವಿಭಾಗದಿಂದಲೇ ಬರೆಸಿಕೊಳ್ಳಬೇಕು.

ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ನಿಮ್ಮ ಪಕ್ಕ ಕಾಲುವೆ ಗುರುತು ಇಲ್ಲ ಅಂತ ಖುಷಿಪಡಬೇಡಿ. ನಕ್ಷೆ ಬರೆಯುವಾಗ ತಪ್ಪಿ ಬಿಟ್ಟುಹೋಗಿದ್ದರೂ, ಕಂದಾಯ ದಾಖಲೆಯಲ್ಲಿ ಕಾಲುವೆ ಇದ್ದರೆ ಬಫರ್ ಬಿಡಿಸಲೇಬೇಕು ಎಂದು ಅದೇ ಮಾಸ್ಟರ್ ಪ್ಲಾನ್ ಹೇಳುತ್ತದೆ. ಎಷ್ಟೋ ಜನರಿಗೆ ಈ ಸಾಲು ಗೊತ್ತಿಲ್ಲ. ಗ್ರಾಮ ನಕ್ಷೆ ನೋಡಿ ಅಂತ ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಸರ್ವೆ ಮಾಡಿಸಿ

ಅನುಮಾನ ಉಳಿದರೆ ಮಾತು ಸಾಕು, ಅಳತೆ ಮಾಡಿಸಿ. ಸರ್ಕಾರದ ಭೂಮಾಪನ ಅರ್ಜಿಗಳ ಮೋಜಿಣಿ ವ್ಯವಸ್ಥೆಯಲ್ಲಿ ಹದ್ದುಬಸ್ತಿಗೆ (ಗಡಿ ಗುರುತಿಸಲು) ಅರ್ಜಿ ಹಾಕಬಹುದು. ಸರ್ಕಾರಿ ಸರ್ವೆಯರ್ ಹಳೆ ಟಿಪ್ಪಣಿ (ಮೂಲ ಸರ್ವೆಯ ಅಳತೆ ನಕ್ಷೆ) ಹಿಡಿದು ಬಂದು ಗಡಿ ಗುರುತಿಸುತ್ತಾರೆ. ಜಮೀನು ಲೇಔಟ್ ಆಗಿ ಖಾತಾ ಪಾಲಿಕೆಗೆ ಹೋಗಿದ್ದರೆ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ ಯಾವ ರೀತಿ ಅರ್ಜಿ ಹಾಕಬೇಕು ಅಂತ ಕೇಳಿ. ಅಲ್ಲಿಂದಲೇ ಟಿಪ್ಪಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ತೋರಿಸುವ ದಾಖಲೆ) ಪ್ರತಿಗಳನ್ನೂ ತೆಗೆದುಕೊಳ್ಳಿ. ಖಾಸಗಿ ಸರ್ವೆಯರ್ ಕೈಲಿ ಟೋಟಲ್ ಸ್ಟೇಷನ್ (ಎಲೆಕ್ಟ್ರಾನಿಕ್ ಅಳತೆ ಯಂತ್ರ) ಸರ್ವೆ ಮಾಡಿಸಿದರೆ ನೆಲದ ಏರಿಳಿತ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಗಡಿ ತಕರಾರಿಗೆ ಸರ್ಕಾರಿ ಸರ್ವೆ ಸ್ಕೆಚ್ಚೇ ಬೇಕು.

ಕಾಲುವೆಯ ಮಧ್ಯ ಎಲ್ಲಿ ಅನ್ನುವುದು ಕಾಂಕ್ರೀಟ್ ಗೋಡೆ ನೋಡಿ ತೀರ್ಮಾನ ಆಗುವುದಿಲ್ಲ. ಎಷ್ಟೋ ಕಡೆ ಕಾಲುವೆಯನ್ನು ಪಕ್ಕಕ್ಕೆ ಸರಿಸಿ ಕಟ್ಟಿರುತ್ತಾರೆ. ಸ್ಕೆಚ್ಚಿನಲ್ಲಿ ದಾಖಲೆಯ ಕಾಲುವೆ ಮತ್ತು ಈಗಿನ ಕಾಲುವೆ ಎರಡನ್ನೂ ತೋರಿಸಲು ಹೇಳಿ.

ನಕ್ಷೆ ಮಂಜೂರಾತಿ

ಇಷ್ಟೆಲ್ಲ ಆದಮೇಲೆ ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಹತ್ತಿರ ಹೋಗಿ. ಅರ್ಜಿ ಆನ್‌ಲೈನ್‌ನಲ್ಲಿ ಅವರೇ ಹಾಕುತ್ತಾರೆ. ಕ್ರಯಪತ್ರ, ಇ-ಖಾತಾ, ತೆರಿಗೆ ರಸೀದಿ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ ಬೇಕಾಗುತ್ತದೆ. ನಿವೇಶನ ನಕ್ಷೆಯಲ್ಲಿ ಕಾಲುವೆಯನ್ನೂ ಬಫರ್ ಗೆರೆಯನ್ನೂ ಕಾಣುವಂತೆ ಬರೆಸಿ. "ತೋರಿಸಿದರೆ ತೊಂದರೆ, ಬಿಟ್ಟುಬಿಡೋಣ" ಅನ್ನುವ ಎಂಜಿನಿಯರನ್ನು ಅಲ್ಲೇ ಬದಲಾಯಿಸಿ. ವಿಷಯ ಮುಚ್ಚಿಟ್ಟು ಪಡೆದ ಅನುಮತಿ ಯಾವಾಗ ಬೇಕಾದರೂ ರದ್ದಾಗಬಹುದು. ಆಗ ಎಂಜಿನಿಯರು ಇರುವುದಿಲ್ಲ, ಸಾಲದ ಕಂತು ಮಾತ್ರ ಇರುತ್ತದೆ.

ಚಿಕ್ಕ ಮನೆಗಳಿಗೆ 2024ರಲ್ಲಿ "ನಂಬಿಕೆ ನಕ್ಷೆ" ಎಂಬ ಯೋಜನೆ ಬಂತು. 50×80 ಅಡಿವರೆಗಿನ ಸೈಟಿನಲ್ಲಿ ನಾಲ್ಕು ಮನೆಗಳವರೆಗೆ ಕಟ್ಟುವುದಾದರೆ, ಆರ್ಕಿಟೆಕ್ಟ್ ದೃಢೀಕರಣದ ಮೇಲೆ ತಾತ್ಕಾಲಿಕ ಅನುಮೋದನೆ ಬೇಗ ಸಿಗುತ್ತದೆ. ಅಧಿಕಾರಿಗಳ ಪರಿಶೀಲನೆ ಆಮೇಲೆ. ಒಳ್ಳೆಯ ಅನುಕೂಲ. ಆದರೆ ಕಾಲುವೆ ಹತ್ತಿರದ ಸೈಟಿನವರು ಪರಿಶೀಲನೆ ಮುಗಿಯುವವರೆಗೂ ಪಾಯಕ್ಕೆ ಕೈಹಾಕಬೇಡಿ. ತಾತ್ಕಾಲಿಕ ಕಾಗದ ನಂಬಿ ಮೂರು ಮಹಡಿ ಎಬ್ಬಿಸಿದ ಮೇಲೆ ಬಫರ್ ಲೆಕ್ಕ ಬಂದರೆ ಕಷ್ಟ ನಿಮ್ಮದೇ.

1,200 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಹೊಸ ಮನೆ ಕಟ್ಟುವವರು ಮಳೆನೀರು ಕೊಯ್ಲು ಮಾಡಲೇಬೇಕು. ನಕ್ಷೆಯಲ್ಲೇ ಇಂಗುಗುಂಡಿ ಜಾಗ ತೋರಿಸಿ. ಲೈಸೆನ್ಸ್ ಅವಧಿ ಎರಡು ವರ್ಷ. ಪಾಯದ ಮಟ್ಟ ಬಂದಾಗ ಪರಿಶೀಲನೆ ಮಾಡಿಸಿಕೊಂಡು ಮುಂದಕ್ಕೆ ಹೋಗಿ. ಮುಗಿದಮೇಲೆ ಓಸಿ (ಕಟ್ಟಡ ನಕ್ಷೆಯಂತೆ ಇದೆ, ವಾಸ ಮಾಡಬಹುದು ಎಂದು ಪಾಲಿಕೆ ಕೊಡುವ ಪ್ರಮಾಣಪತ್ರ) ತೆಗೆದುಕೊಳ್ಳಿ. ಅನುಮತಿ ಮೀರಿ ಕಟ್ಟಿದ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪಿನ ನಂತರ, ಓಸಿ ಇಲ್ಲದೆ ಕರೆಂಟು, ನೀರಿನ ಸಂಪರ್ಕ ಪಡೆಯುವುದು ಕಷ್ಟವಾಯಿತು.

"ಈಗ ಕಟ್ಟಿ, ಮುಂದೆ ಅಕ್ರಮ-ಸಕ್ರಮದಲ್ಲಿ (ದಂಡ ಕಟ್ಟಿಸಿಕೊಂಡು ನಿಯಮ ಮೀರಿದ ಕಟ್ಟಡವನ್ನು ಸಕ್ರಮ ಮಾಡುವ ಯೋಜನೆ) ಸರಿಮಾಡಿಸೋಣ" ಎಂಬ ಮಾತು ಇನ್ನೂ ಕೇಳಿಬರುತ್ತದೆ. ಆ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದರಲ್ಲೂ ಕೆರೆಯಂಗಳ, ಕಾಲುವೆ ಜಾಗದ ಕಟ್ಟಡಗಳನ್ನು ಹೊರಗಿಟ್ಟಿದ್ದರು.

ಬಫರ್ ಆಚೆಗೆ ಕಟ್ಟುವಾಗಲೂ

ಬಫರ್ ಬಿಟ್ಟ ತಕ್ಷಣ ನೀರಿನ ಭಯ ಹೋಯಿತು ಅಂತಲ್ಲ. ತಗ್ಗಿನ ಪ್ರದೇಶದಲ್ಲಿ ಬೇಸ್‌ಮೆಂಟ್ ಬೇಡವೇ ಬೇಡ. ಕಾರು ನಿಲ್ಲಿಸಲು ನೆಲಮಟ್ಟದಲ್ಲೇ ಜಾಗ ಮಾಡಿ, ಮನೆಯನ್ನು ಮೇಲಿಂದ ಶುರು ಮಾಡಿ. ಪಾಯದ ಎತ್ತರವನ್ನು ಇವತ್ತಿನ ರಸ್ತೆ ನೋಡಿ ಇಡಬೇಡಿ. ನೆರೆಯವರು ತೋರಿಸಿದ ನೀರಿನ ಗೆರೆಗಿಂತ ಮೇಲಕ್ಕೆ ಇಡಿ. ಸಂಪಿನ ಬಾಯಿ ನೆಲಕ್ಕೆ ಸಮನಾಗಿದ್ದರೆ ಕೊಳಚೆ ನೀರು ಸೀದಾ ಕುಡಿಯುವ ನೀರಿಗೆ ಇಳಿಯುತ್ತದೆ, ಅದನ್ನೂ ಎತ್ತರಿಸಿ. ಮೀಟರ್ ಬೋರ್ಡ್, ಯುಪಿಎಸ್ ಎದೆಮಟ್ಟಕ್ಕಿಂತ ಮೇಲಿರಲಿ.

ಮನೆಗೆ ನೀರು ಬರೀ ಗೇಟಿನಿಂದ ಬರುವುದಿಲ್ಲ. ಒಳಚರಂಡಿ ತುಂಬಿ ಬಚ್ಚಲಿನಿಂದ ಉಕ್ಕಿ ಬರುತ್ತದೆ. ಒಳಚರಂಡಿ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ದೊಡ್ಡ ಖರ್ಚಲ್ಲ, ಆದರೆ ಮೇಸ್ತ್ರಿಗಳು ತಾವಾಗಿ ಹೇಳುವುದಿಲ್ಲ.

ಸೈಟಿಗೆ ಲೋಡುಗಟ್ಟಲೆ ಮಣ್ಣು ಹೊಡೆಸಿ ಎತ್ತರಿಸಿದರೆ ಆ ನೀರು ಪಕ್ಕದ ಮನೆಗೆ ಹೋಗುತ್ತದೆ. ಹಾಗೆ ಮಾಡಬೇಡಿ. ಕಂಬದ ಮೇಲೆ ಮನೆ ಎತ್ತಿ, ಕೆಳಗೆ ನೀರು ಹರಿಯಲು ಬಿಡಿ. ಕಾಂಪೌಂಡ್ ಗೋಡೆಯ ಬುಡದಲ್ಲಿ ಕಿಂಡಿ ಇರಲಿ.

ಫ್ಲ್ಯಾಟ್ ಕೊಳ್ಳುವವರಿಗೆ

ನಿಮಗೂ ಇದೇ ನಿಯಮ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ಮಂಜೂರಾದ ನಕ್ಷೆ, ಅನುಮತಿ ಪತ್ರಗಳು ಸಿಗುತ್ತವೆ. ನಿವೇಶನ ನಕ್ಷೆಯಲ್ಲಿ ಕಾಲುವೆ ಎಲ್ಲಿದೆ, ಅದರ ಮೇಲೆ ಕ್ಲಬ್‌ಹೌಸೋ ಈಜುಕೊಳವೋ ಬಂದಿದೆಯಾ ನೋಡಿ. ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಈಗಾಗಲೇ ಕಟ್ಟಿದ್ದರೆ, ನೋಟಿಸ್ ಬಂದರೆ

ಗಾಬರಿಯಾಗಿ ಸುಮ್ನೆ ಕೂರಬೇಡಿ, ಮಧ್ಯವರ್ತಿಗೆ ದುಡ್ಡು ಕೊಡಲೂ ಹೋಗಬೇಡಿ. ನೋಟಿಸಿನಲ್ಲಿ ಯಾವ ಕಾಯ್ದೆ, ಯಾವ ಕಲಂ, ಎಷ್ಟು ಅಡಿ ಅಂತ ಬರೆದಿದೆ ನೋಡಿ. ಭೂಕಂದಾಯ ಕಾಯ್ದೆಯ 104ನೇ ಕಲಂ ಆದರೆ ಸರ್ಕಾರಿ ಜಾಗದ ಒತ್ತುವರಿ ಎನ್ನುತ್ತಿದ್ದಾರೆ. ಪಾಲಿಕೆ ನೋಟಿಸ್ ಆದರೆ ಅನುಮತಿ ಮೀರಿದ್ದೀರಿ ಎನ್ನುತ್ತಿರಬಹುದು. ಎರಡಕ್ಕೂ ಉತ್ತರ ಬೇರೆ ಬೇರೆ. ಕೊಟ್ಟ ಗಡುವಿನೊಳಗೆ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಎದುರಲ್ಲೇ ಜಂಟಿ ಸರ್ವೆ ಆಗಬೇಕು ಎಂದು ಕೇಳಿ. ಸರ್ವೆ ಸ್ಕೆಚ್ಚಿನ ಪ್ರತಿ ಕೊಡದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ವಕೀಲರಿಗೆ ಕೊಡಲು ಶಕ್ತಿ ಇಲ್ಲದವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ. ಬೀದಿಯಲ್ಲಿ ಹತ್ತು ಮನೆಗೆ ನೋಟಿಸ್ ಬಂದಿದ್ದರೆ ಎಲ್ಲರೂ ಸೇರಿ ಒಂದೇ ಸರ್ವೆಗೆ ಒತ್ತಾಯಿಸಿ. ಸರ್ವೆಯಲ್ಲಿ ನಿಜವಾಗಿಯೂ ಹಳ್ಳದ ಮೇಲೆ ಗೋಡೆ ಬಂದಿದ್ದರೆ, ಆ ಭಾಗವನ್ನು ನೀವೇ ತೆಗೆಸಿಬಿಡುವುದು ಮೇಲು. ಜೆಸಿಬಿ ಬಂದರೆ ಉಳಿಯಬೇಕಾದ ಗೋಡೆಯೂ ಬಿರುಕು ಬಿಡುತ್ತದೆ.

ತಗ್ಗಿನಲ್ಲಿ ವಾಸ ಮಾಡುವವರೆಲ್ಲ ಮನೆಗೆ ವಿಮೆ ಮಾಡಿಸಿ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಕೊಡುತ್ತಿರುವ "ಭಾರತ್ ಗೃಹ ರಕ್ಷಾ" ಪಾಲಿಸಿಯಲ್ಲಿ ಪ್ರವಾಹದ ಹಾನಿಯೂ ಸೇರಿದೆ. ಮೊಬೈಲಿನಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ಮೇಘ ಸಂದೇಶ" ಆ್ಯಪ್ ಇದ್ದರೆ ಮಳೆಯ ಮುನ್ಸೂಚನೆ ಸಿಗುತ್ತದೆ. ನೀರು ನುಗ್ಗಿದರೆ ತೊಳೆಯುವ ಮುಂಚೆ ಪ್ರತಿ ಕೋಣೆಯ ಫೋಟೋ ತೆಗೆಯಿರಿ, ಗೋಡೆಯ ಮೇಲೆ ನೀರು ನಿಂತ ಮಟ್ಟಕ್ಕೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ ದಿನಾಂಕ ಬರೆಯಿರಿ. ವಿಮೆಗೂ ಬೇಕು, ಮುಂದೆ ಪಕ್ಕದ ಸೈಟು ಕೊಳ್ಳಲು ಬಂದವರು ಕೇಳಿದರೆ ತೋರಿಸಲಿಕ್ಕೂ ಬೇಕು.